ಕುಲುಮೆ ಸೇರಿದ ಸೈಕಲ್

1913ರ ಜುಲೈ 9. ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ ಆರನೇ ಹಂತ. ಬಯಾನ್‌ನಿಂದ ಲೂಶೋನ್‌ವರೆಗೆ 326 ಕಿಲೋಮೀಟರ್, ನಡುವೆ ಪಿರೆನೀಸ್ ಪರ್ವತ. ಟೂರ್ಮಲೆ ಘಟ್ಟ ಹತ್ತಿ ಇಳಿಯುತ್ತಿದ್ದ ಯುಜೀನ್ ಕ್ರಿಸ್ತೋಫ್‌ಗೆ ಇಡೀ ಪಂದ್ಯವನ್ನೇ ಗೆಲ್ಲುವ ಅವಕಾಶವಿತ್ತು. ಆಗಲೇ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು.

ಇಂದಾಗಿದ್ದರೆ ಹಿಂದೆ ಬರುವ ಕಾರಿನಿಂದ ಬೇರೊಂದು ಸೈಕಲ್ ಇಳಿಸಿಕೊಡುತ್ತಿದ್ದರು. ಆಗ ಹಾಗಿರಲಿಲ್ಲ. ಪಂದ್ಯ ನಡೆಸುತ್ತಿದ್ದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್‌ನ ನಿಯಮದಂತೆ ಸವಾರ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳಬೇಕು. ಹೀಗಾಗಿ ಬಿಡಿ ಟೈರುಗಳನ್ನು ಹೆಗಲಿಗೆ ಸುತ್ತಿಕೊಂಡೇ ಹೊರಡುತ್ತಿದ್ದರು. ಈ ನಿಯಮದ ಹಿಂದೆ ತರ್ಕವಿರಲಿಲ್ಲ ಎನ್ನಲಾಗದು. ಗೆಲ್ಲಬೇಕಾದ್ದು ಮನುಷ್ಯ, ಸೈಕಲ್ ಕಂಪನಿಯ ಹಣವಲ್ಲ ಎಂಬುದು ದೆಗ್ರಾಂಜ್‌ನ ಹಟ.

ಕ್ರಿಸ್ತೋಫ್ ಮುರಿದ ಸೈಕಲ್ಲಿನೊಂದಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಸೇಂತ್ ಮರಿ ದ ಕಂಪಾನ್ ಎಂಬ ಹಳ್ಳಿಯ ಕುಲುಮೆ ಸೇರಿದ. ಬೀಗ ಮಾಡುವ ಕಸುಬು ಕಲಿತಿದ್ದ ಅವನಿಗೆ ಕಬ್ಬಿಣದ ಕೆಲಸ ಹೊಸದಲ್ಲ. ಅಧಿಕಾರಿಗಳು ನಿಂತು ನೋಡುತ್ತಿದ್ದಂತೆಯೇ ಕಾಯಿಸಿ, ಬಡಿದು, ಬೆಸೆದ. ಆದರೆ ಎರಡೂ ಕೈ ಕೆಲಸದಲ್ಲಿರುವಾಗ ತಿದಿ ಒತ್ತುವವರು ಯಾರು? ಅಲ್ಲಿದ್ದ ಹುಡುಗನೊಬ್ಬ ಒತ್ತಿದ. ಅದಕ್ಕೆ ಹತ್ತು ನಿಮಿಷದ ದಂಡ ಬಿತ್ತು! ಆಮೇಲೆ ಅದನ್ನು ಮೂರಕ್ಕೆ ಇಳಿಸಿದರಂತೆ. ಸುಮಾರು ನಾಲ್ಕು ಗಂಟೆ ಕಳೆದುಕೊಂಡವನಿಗೆ ಅದರಿಂದೇನು ಬಂತು? ಆ ವರ್ಷ ಬೆಲ್ಜಿಯಂನ ಫಿಲಿಪ್ ತೈಸ್ ಗೆದ್ದ. 1919ರಲ್ಲಿ, ಟೂರ್‌ನ ಮೊಟ್ಟಮೊದಲ ಹಳದಿ ಅಂಗಿ ತೊಟ್ಟು ಮುಂದಿದ್ದಾಗ, ಕೊನೆಯ ಹಿಂದಿನ ಹಂತದಲ್ಲಿ ಕ್ರಿಸ್ತೋಫ್‌ನ ಫೋರ್ಕ್ ಮತ್ತೆ ಮುರಿಯಿತು. 1922ರಲ್ಲಿ ಮೂರನೇ ಸಲ. ಟೂರ್ ಅವನಿಗೆ ದಕ್ಕಲೇ ಇಲ್ಲ.

ಗೇರಿನ ವಿಷಯದಲ್ಲೂ ದೆಗ್ರಾಂಜ್‌ನದು ಅದೇ ಪಟ್ಟು. ಸೇಂತ್ ಎತಿಯೆನ್‌ನ ಪಾಲ್ ದ ವಿವಿ ತನ್ನ ಪತ್ರಿಕೆಯಲ್ಲಿ ಗೇರಿನ ಪರವಾಗಿ ವರ್ಷಗಟ್ಟಲೆ ವಾದಿಸಿದರೂ ಟೂರ್ ಸ್ಪರ್ಧಿಗಳಿಗೆ ಅದು ನಿಷಿದ್ಧ. ಹಿಂದಿನ ಚಕ್ರದ ಎರಡು ಮಗ್ಗುಲಿಗೆ ಬೇರೆ ಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಘಟ್ಟದ ಬುಡದಲ್ಲಿ ಇಳಿದು, ನಟ್ಟು ಸಡಿಲಿಸಿ, ಚಕ್ರವನ್ನು ತಿರುವಿ ಹಾಕಿ, ಹಿಂದಕ್ಕೆಳೆದು ಚೈನು ಬಿಗಿ ಮಾಡಬೇಕು. ನಮ್ಮ ಸಾದಾ ಸೈಕಲ್ಲಿನ ಚೈನು ಬಿಗಿ ಮಾಡಿದವರಿಗೆ ಆ ಕೊನೆಯ ಕೆಲಸ ಗೊತ್ತೇ ಇದೆ. 1927ರಲ್ಲಿ ಹಿಮದ ನಡುವೆ ಇಟಲಿಯ ತುಲಿಯೊ ಕಂಪಾನ್ಯೊಲೊಗೆ ಮರಗಟ್ಟಿದ ಬೆರಳಿನಿಂದ ಆ ನಟ್ಟು ಬಿಚ್ಚಲಾಗಲಿಲ್ಲ, ಅದರಿಂದಲೇ ಒಂದೇ ಹಿಡಿಕೆಯಿಂದ ಚಕ್ರ ಬಿಡಿಸುವ ಉಪಾಯ ಹೊಳೆಯಿತು ಎಂಬ ಕಥೆಯಿದೆ.

ಟೂರ್‌ನಲ್ಲಿ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಹೆಸರಿನ ಮೂಲಾರ್ಥ 'ಹಳಿ ತಪ್ಪಿಸುವುದು'. ಚೈನನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ಬೇಕೆಂದೇ ತಳ್ಳುತ್ತದೆ. ಹೆಚ್ಚಾದ ಚೈನನ್ನು ಅದರ ಸ್ಪ್ರಿಂಗಿನ ತೋಳು ಎಳೆದಿಡುತ್ತದೆ. ಇಂದಿನ ಸೈಕಲ್ಲಿನಲ್ಲಿ ಅದು ಆಚೀಚೆ ಎಷ್ಟು ಸರಿಯಬಹುದೆಂದು ಮಿತಿ ಹಾಕಲು ಎರಡು ಸ್ಕ್ರೂಗಳಿರುತ್ತವೆ. ಇವು ಸರಿಯಿಲ್ಲದಿದ್ದರೆ ಚೈನು ನಿಜವಾಗಿಯೂ ಹಳಿ ತಪ್ಪಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಹಲ್ಲುಚಕ್ರಕ್ಕೆ ಏರಲು ಚೈನು ತಡವರಿಸಿದರೆ ಸಾಮಾನ್ಯವಾಗಿ ಕೇಬಲ್ ಸಡಿಲವಾಗಿದೆ ಎಂದರ್ಥ. ಕೇಬಲ್ಲಿನ ತುದಿಯ ತಿರುಪನ್ನು ಒಮ್ಮೆಗೆ ಕಾಲು ಸುತ್ತಿನಷ್ಟು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಆದರೆ ಸೈಕಲ್ ಬಲಕ್ಕೆ ಬಿದ್ದೆದ್ದಿದ್ದರೆ ಮೊದಲು ಡಿರೇಲರ್ ಕೂರಿಸಿದ ಕೊಂಡಿ ಬಾಗಿದೆಯೇ ನೋಡಬೇಕು. ಅದು ಬಾಗಿದ್ದರೆ ಯಾವ ತಿರುಪು ತಿರುವಿದರೂ ಗೇರು ಸರಿ ಕೂರುವುದಿಲ್ಲ.