ವಸ್ತಾದರು ಕೊಟ್ಟ ಲೋಟ

ಮರೋಳ ಅಂದ ಕೂಡಲೇ ಸುದ್ದಿಮನೆಯಲ್ಲಿ ನಮಗೆಲ್ಲ ನೆನಪಾಗೋದು ಹನಿ ನೀರಾವರಿ ಯೋಜನೆ. ಇವತ್ತು ಅದರ ಮಾತು ಬೇಡ. ಹುನಗುಂದ, ಇಳಕಲ್ಲ, ಬಾದಾಮಿ ಸೀಮೆಯ ಇಂಥ ಊರುಗಳಿಗೆ ಇನ್ನೊಂದು ಗುರುತೂ ಇದೆ. ಜಾತ್ರೆ ಬಂತು ಅಂದ್ರೆ ಸಂಗ್ರಾಣಿ ಕಲ್ಲು ಎತ್ತೋರು, ಜೋಳದ ಚೀಲ ಎತ್ತೋರು, ತೆರಬಂಡಿ ಓಡಿಸೋರು, ಜಂಗೀ ಕುಸ್ತಿಗೆ ತೊಡೆ ತಟ್ಟೋರು ಎಲ್ಲಿಂದ ಬರ್ತಾರೋ ಗೊತ್ತಾಗಲ್ಲ. ಬಾದಾಮಿ ಸೀಮೆಯ ಹಲಕುರ್ಕಿಯ ಹುಡುಗ ಅರ್ಜುನ್ ಹಲಕುರ್ಕಿ 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕೊ-ರೋಮನ್ 55 ಕೆ.ಜಿ. ವಿಭಾಗದ ಕಂಚು ಗೆದ್ದದ್ದು ಇದೇ ನೆಲದ ಕಸುವಿನಿಂದ.

ಈ ಭಾಗದ ಗರಡಿಮನೆ ನೋಡಿದವರಿಗೆ ಒಂದು ಪದ್ಧತಿ ಗೊತ್ತಿರುತ್ತೆ. ಪೈಲ್ವಾನನ ಖುರಾಕು ಏನು ಅಂತ ತೀರ್ಮಾನ ಮಾಡೋರು ವಸ್ತಾದರು. ಬಾದಾಮಿ ಎಷ್ಟು, ಹಾಲೆಷ್ಟು, ತುಪ್ಪ ಎಷ್ಟು, ಎಲ್ಲ ಅವರದೇ ಲೆಕ್ಕ. "ಇದೇನ್ರೀ ವಸ್ತಾದರ?" ಅಂತ ಹುಡುಗ ಕೇಳೋ ಹಾಗಿಲ್ಲ. "ಸುಮ್ನ ಕುಡಿಯೋ ತಮ್ಮಾ" ಅಂದ್ರೆ ಕುಡೀಬೇಕು. ಅದನ್ನೇ ನಾವು ಗೌರವ ಅಂತೀವಿ, ನಂಬಿಕೆ ಅಂತೀವಿ. ಲೋಟದಲ್ಲಿ ಹಾಲು ಇರೋವರೆಗೆ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಆದರೆ ಆ ಹುಡುಗ ಜಾತ್ರೆಯ ಕಣ ದಾಟಿ ರಾಷ್ಟ್ರೀಯ ಶಿಬಿರಕ್ಕೆ ಹೋದ ದಿನ ಅವನ ಮೇಲೆ ಇನ್ನೊಂದು ಕಾನೂನು ಬಂದು ಕೂರುತ್ತೆ. ನಿನ್ನ ದೇಹದೊಳಗೆ ಏನು ಹೋದರೂ ಅದಕ್ಕೆ ನೀನೇ ಹೊಣೆ ಅನ್ನೋ ಕಾನೂನು. ಯಾರು ಕೊಟ್ಟರು, ಯಾಕೆ ಕೊಟ್ಟರು, ಅದರಲ್ಲಿ ಏನಿತ್ತು ಅಂತ ನಿನಗೆ ಗೊತ್ತಿತ್ತೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು. ಮೂತ್ರದ ಮಾದರಿಯಲ್ಲಿ ನಿಷೇಧಿತ ಮದ್ದು ಸಿಕ್ಕಿತಾ? ತಪ್ಪು ನಿನ್ನದು.

ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಸೈಕಲ್ ಸವಾರ ನುಡ್ ಎನೆಮಾರ್ಕ್ ಯೆನ್ಸನ್ ಸ್ಪರ್ಧೆಯ ನಡುವೆಯೇ ಕುಸಿದು ಸತ್ತ. 1967ರಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ಟೂರ್ ಡಿ ಫ್ರಾನ್ಸ್‌ನ ಬೆಟ್ಟ ಏರುತ್ತಲೇ ಪ್ರಾಣ ಬಿಟ್ಟ. ಮರುವರ್ಷ, 1968ರಿಂದ, ಒಲಿಂಪಿಕ್ಸ್‌ನಲ್ಲಿ ಮದ್ದಿನ ಪರೀಕ್ಷೆ ಶುರುವಾಯ್ತು. 1988ರಲ್ಲಿ ಸೋಲ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದಾಗ ಜಗತ್ತೇ ಎದ್ದು ನಿಂತಿತ್ತು. ಕೆಲವೇ ದಿನಕ್ಕೆ ಸ್ಟೀರಾಯ್ಡ್ ಸಿಕ್ಕಿಬಿತ್ತು, ಚಿನ್ನ ಹೋಯ್ತು. 1999ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದ್ರೆ ವಾಡಾ, ಹುಟ್ಟಿತು. 2004ರಿಂದ ಅದರ ಸಂಹಿತೆ ಜಾರಿಗೆ ಬಂತು. ನಮ್ಮ ದೇಶದಲ್ಲಿ ನಾಡಾ ಸ್ಥಾಪನೆಯಾಗಿದ್ದು 2005ರಲ್ಲಿ.

ಈಗ ನಮ್ಮ ಕರ್ನಾಟಕದ ಕಥೆಗೆ ಬರೋಣ. ಕುಂದಾಪುರ ಕಡೆಯ ಸಿದ್ದಾಪುರದ ಹುಡುಗಿ ಅಶ್ವಿನಿ ಅಕ್ಕುಂಜಿ ನೆನಪಿದ್ದಾರಲ್ಲ? 2010ರ ಅಕ್ಟೋಬರ್. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ. 4x400 ರಿಲೇಯಲ್ಲಿ ಮಂಜೀತ್ ಕೌರ್, ಸಿನಿ ಜೋಸ್, ಅಶ್ವಿನಿ, ಮನ್‌ದೀಪ್ ಕೌರ್ ಚಿನ್ನ ಗೆದ್ದರು. 1958ರಲ್ಲಿ ಮಿಲ್ಖಾ ಸಿಂಗ್ ಗೆದ್ದ ಮೇಲೆ ಓಟದಲ್ಲಿ ಭಾರತಕ್ಕೆ ಬಂದ ಮೊದಲ ಕಾಮನ್‌ವೆಲ್ತ್ ಚಿನ್ನ ಅದು. ಮುಂದಿನ ತಿಂಗಳು ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅಶ್ವಿನಿಗೆ 400 ಮೀಟರ್ ಹರ್ಡಲ್ಸ್‌ನಲ್ಲಿ ಚಿನ್ನ, ರಿಲೇಯಲ್ಲಿ ಮತ್ತೊಂದು ಚಿನ್ನ. ಎರಡು ತಿಂಗಳಲ್ಲಿ ಮೂರು ಚಿನ್ನ! ನಮ್ಮಂಥ ಚಾನೆಲ್‌ಗಳು ಆಕೆಯನ್ನು ಹೊತ್ತು ಮೆರೆಸಿದ್ದೇ ಮೆರೆಸಿದ್ದು.

ಎಂಟು ತಿಂಗಳೂ ಕಳೆಯಲಿಲ್ಲ. 2011ರ ಜುಲೈ ಹೊತ್ತಿಗೆ ಸುದ್ದಿ ಬಂತು. ಅಶ್ವಿನಿ, ಸಿನಿ, ಮನ್‌ದೀಪ್ ಸೇರಿ ಆರು ಓಟಗಾರ್ತಿಯರ ಮಾದರಿಯಲ್ಲಿ ಅನಾಬಾಲಿಕ್ ಸ್ಟೀರಾಯ್ಡ್. ಮೆರೆಸಿದ ಕ್ಯಾಮೆರಾಗಳೇ ತಿರುಗಿ ನಿಂತವು. ನಾವೂ ಅದಕ್ಕೆ ಹೊರತಲ್ಲ, ಒಪ್ಪಿಕೊಳ್ಳಬೇಕು.

ಆ ಹೆಣ್ಣುಮಕ್ಕಳು ಏನು ಹೇಳಿದರು? ಶಿಬಿರದ ವಿದೇಶಿ ಕೋಚ್, ಉಕ್ರೇನಿನ ಯೂರಿ ಒಗೊರೊಡ್ನಿಕ್, ಚೀನಾದಿಂದ ತಂದು ಕೊಟ್ಟ ಜಿನ್ಸೆಂಗ್ ಪೂರಕವನ್ನು ತಗೊಂಡ್ವಿ, ಅದರಲ್ಲಿ ಇದು ಬೆರೆತಿತ್ತು ಅಂದರು. ಕೋಚ್ ಬೇಕಂತಲೇ ಕೊಟ್ಟರು ಅಂತ ನಾನು ಹೇಳ್ತಿಲ್ಲ. ಅವರನ್ನು ಸರ್ಕಾರ ಕೆಲಸದಿಂದ ತೆಗೆದುಹಾಕ್ತು. ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿ ತನಿಖೆಗೆ ಕೂತಿತು.

2011ರ ಡಿಸೆಂಬರ್‌ನಲ್ಲಿ ನಾಡಾದ ಶಿಸ್ತು ಸಮಿತಿ ಹುಡುಗಿಯರ ಮಾತನ್ನು ಸ್ವಲ್ಪ ಮಟ್ಟಿಗೆ ನಂಬಿತು. ಇವರ ತಪ್ಪು ದೊಡ್ಡದಲ್ಲ ಅಂತ ಶಿಕ್ಷೆಯನ್ನು ಒಂದು ವರ್ಷಕ್ಕೆ ಇಳಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯ್ತು. 2012ರ ಜುಲೈನಲ್ಲಿ, ಲಂಡನ್ ಒಲಿಂಪಿಕ್ಸ್ ಹೊಸ್ತಿಲಲ್ಲಿ, ಆ ನ್ಯಾಯಾಲಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು. ಕೋಚ್ ಕೊಟ್ಟರು ಅನ್ನೋದು ನೆಪ ಆಗೋದಿಲ್ಲ, ನೀವೇ ವಿಚಾರಿಸಬೇಕಿತ್ತು ಅನ್ನೋದು ತೀರ್ಪಿನ ತಿರುಳು. ಓಟಗಾರ್ತಿಯ ಇಪ್ಪತ್ತರ ಹರೆಯದಲ್ಲಿ ಎರಡು ವರ್ಷ ಅಂದ್ರೆ ಏನು ಗೊತ್ತಾ? ರೈತನಿಗೆ ಎರಡು ಮುಂಗಾರು ಕೈಕೊಟ್ಟರೆ ಮೂರನೆಯದಾದರೂ ಬರುತ್ತೆ. ಓಟಗಾರ್ತಿಗೆ ಹೋದ ಕಾಲು ವಾಪಸ್ ಬರೋದಿಲ್ಲ. ಆಮೇಲೆ ಅಶ್ವಿನಿ ಮತ್ತೆ ಟ್ರ್ಯಾಕಿಗೆ ಇಳಿದರು, ನಿಜ. ಆದರೆ ಲಂಡನ್ ಹೋಯ್ತು.

ಹಾಗಾದರೆ ಈ ಕಾನೂನೇ ತಪ್ಪಾ? ಅಷ್ಟು ಸುಲಭವಾಗಿ ಹೇಳೋಕ್ಕಾಗಲ್ಲ. ಪಕ್ಕದ ಲೇನಿನಲ್ಲಿ ಓಡಿದ ಹುಡುಗಿಯನ್ನೂ ನೋಡಿ. ಆಕೆ ಏನೂ ತಗೊಂಡಿಲ್ಲ, ಬರೀ ಬೆವರು ಸುರಿಸಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದಾಳೆ. "ನನಗೆ ಗೊತ್ತಿರಲಿಲ್ಲ" ಅನ್ನೋ ಮಾತಿಗೆ ಬೆಲೆ ಕೊಟ್ಟರೆ ಸಿಕ್ಕಿಬಿದ್ದವರೆಲ್ಲ ಅದನ್ನೇ ಹೇಳ್ತಾರೆ. ಆಗ ಆ ನಾಲ್ಕನೆಯವಳಿಗೆ ನ್ಯಾಯ ಎಲ್ಲಿದೆ? ಅದಕ್ಕೇ ಕಾನೂನು ಕಠಿಣ ಆಗಿದೆ. ನನ್ನ ತಕರಾರು ಬೇರೆ. ತಗೊಂಡವರ ಮೇಲೆ ಇರೋ ಬಿಗಿ ಕೊಟ್ಟವರ ಮೇಲೆ ಯಾಕಿಲ್ಲ?

ಕೊಟ್ಟವರನ್ನು ಹಿಡಿಯೋಕೆ ಆಗಲ್ಲ ಅಂತ ಅಂದುಕೋಬೇಡಿ. ಬೆನ್ ಜಾನ್ಸನ್ ಪ್ರಕರಣ ಆದಮೇಲೆ ಕೆನಡಾ ಸರ್ಕಾರ ನ್ಯಾಯಮೂರ್ತಿ ಚಾರ್ಲ್ಸ್ ಡ್ಯೂಬಿನ್ ನೇತೃತ್ವದಲ್ಲಿ ಬಹಿರಂಗ ವಿಚಾರಣೆ ನಡೆಸಿತು. 1989ರಲ್ಲಿ ಕೋಚ್ ಚಾರ್ಲಿ ಫ್ರಾನ್ಸಿಸ್ ಅಲ್ಲಿ ಬಂದು ಎಲ್ಲವನ್ನೂ ಬಾಯಿಬಿಟ್ಟರು. ವೈದ್ಯರನ್ನೂ ಕರೆಸಿದರು.

ಜರ್ಮನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಹಳೆಯ ಪೂರ್ವ ಜರ್ಮನಿಯಲ್ಲಿ ಎಳೆಯ ಹುಡುಗಿಯರಿಗೆ ನೀಲಿ ಮಾತ್ರೆ ಕೊಡ್ತಿದ್ದರು. ವಿಟಮಿನ್ ಅಂತ ಹೇಳಿ ಕೊಡ್ತಿದ್ದರು. ಅದು ಸ್ಟೀರಾಯ್ಡ್. ಪದಕಗಳೇನೋ ರಾಶಿ ಬಿದ್ದವು. ದೊಡ್ಡವರಾದಮೇಲೆ ಆ ಹೆಣ್ಣುಮಕ್ಕಳ ಆರೋಗ್ಯ ಹಾಳಾಯ್ತು. ಎರಡೂ ಜರ್ಮನಿ ಒಂದಾದ ಮೇಲೆ ಅವರು ಕೋರ್ಟ್ ಮೆಟ್ಟಿಲೇರಿದರು. 2000ದಲ್ಲಿ ಬರ್ಲಿನ್ ನ್ಯಾಯಾಲಯ ಅಂದಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೂ, ವೈದ್ಯ ಮಾನ್‌ಫ್ರೆಡ್ ಹೋಪ್ನರ್‌ಗೂ ದೈಹಿಕ ಹಾನಿಯ ಪ್ರಕರಣದಲ್ಲಿ ಶಿಕ್ಷೆ ಕೊಟ್ಟಿತು. ಎವಾಲ್ಡ್‌ಗೆ 22 ತಿಂಗಳು, ಹೋಪ್ನರ್‌ಗೆ 18 ತಿಂಗಳು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಜೈಲಿಗೆ ಹೋಗಲಿಲ್ಲ ಅನ್ನೋದು ಬೇರೆ ಮಾತು. ಆದರೆ ಅಪರಾಧ ಯಾರದು ಅಂತ ಕಾಗದದ ಮೇಲೆ ದಾಖಲಾಯ್ತು. 2002ರಲ್ಲಿ ಅಂಥ ಸಂತ್ರಸ್ತರಿಗೆ ಪರಿಹಾರ ಕೊಡೋ ಕಾಯ್ದೆಯೂ ಬಂತು.

ನಮ್ಮಲ್ಲಿ? 2022ರಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ ಬಂತು. ಅದರಲ್ಲಿ ಕೋಚು, ವೈದ್ಯರು, ಸಹಾಯಕ ಸಿಬ್ಬಂದಿ ಎಲ್ಲರೂ ಸೇರಿದ್ದಾರೆ. ವಾಡಾ ಸಂಹಿತೆ ಪ್ರಕಾರ ಆಟಗಾರನಿಗೆ ನಿಷೇಧಿತ ಮದ್ದು ಕೊಟ್ಟವರಿಗೆ ಕನಿಷ್ಠ ನಾಲ್ಕು ವರ್ಷದಿಂದ ಜೀವನಪೂರ್ತಿ ನಿಷೇಧ ಹಾಕಬಹುದು. ಕಾಗದದಲ್ಲಿ ಎಲ್ಲ ಇದೆ. ಆದರೆ ಪ್ರಯೋಗಾಲಯಕ್ಕೆ ಹೋಗೋದು ಆಟಗಾರನ ಮೂತ್ರ ಮಾತ್ರ. ಕೊಟ್ಟವರ ಕೈ ಆ ಶೀಶೆಯಲ್ಲಿ ಕಾಣಿಸೋದಿಲ್ಲ. ಹುಡುಗ ಬಾಯಿಬಿಟ್ಟು ಹೆಸರು ಹೇಳಬೇಕು. ಗುರುವಿನ ಹೆಸರು ಹೇಳೋ ಧೈರ್ಯ ನಮ್ಮ ಹುಡುಗರಿಗೆ ಎಲ್ಲಿಂದ ಬರಬೇಕು, ಹೇಳಿ?

ಇದು ಹಳೇ ಕಥೆ ಅಂತ ಬಿಡೋ ಹಾಗೂ ಇಲ್ಲ. 2023ರಲ್ಲಿ ಭಾರತದ 5,606 ಮಾದರಿಗಳ ಪರೀಕ್ಷೆಯಲ್ಲಿ 213 ಪಾಸಿಟಿವ್ ಬಂದವು. ಹೆಚ್ಚು ಪರೀಕ್ಷೆ ಮಾಡೋ ದೇಶಗಳ ಪೈಕಿ ಈ ಪ್ರಮಾಣದಲ್ಲಿ ನಾವೇ ಮುಂದೆ. ಅಶ್ವಿನಿ ಕಾಲದಲ್ಲಿ ಸ್ಟೀರಾಯ್ಡಿಗೆ ಎರಡು ವರ್ಷ ಇದ್ದ ಶಿಕ್ಷೆ 2015ರಿಂದ ನಾಲ್ಕು ವರ್ಷ ಆಗಿದೆ. ಬೇಕಂತ ಮಾಡಿದ್ದಲ್ಲ ಅಂತ ಸಾಬೀತು ಮಾಡೋ ಭಾರವೂ ಆಟಗಾರನದೇ. ಸ್ಟೀರಾಯ್ಡೇ ಆಗಬೇಕು ಅಂತಲೂ ಇಲ್ಲ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾಗೆ ಎಂಟು ತಿಂಗಳ ನಿಷೇಧ ಬಿದ್ದದ್ದು ಕೆಮ್ಮಿನ ಸಿರಪ್ಪಿನಿಂದ!

ಕ್ರಿಕೆಟಿಗರ ಬೆನ್ನಿಗೆ ಮಂಡಳಿ ಇದೆ, ವಕೀಲರಿದ್ದಾರೆ. ಮರೋಳದಂಥ ಊರಿನ ಹುಡುಗನ ಬೆನ್ನಿಗೆ ಯಾರಿದ್ದಾರೆ? ಊರಲ್ಲಿ ವಸ್ತಾದರು, ಪೇಟೆಯ ಜಿಮ್ಮಿನಲ್ಲಿ ಡಬ್ಬಿಯ ಪುಡಿ ಮಾರೋರು, ಕೆಮ್ಮು ಬಂದರೆ ಔಷಧಿ ಅಂಗಡಿಯವರು. ಮನೆಯಲ್ಲಿ ಹೊಲ ಒತ್ತೆ ಇಟ್ಟು ಮಗನನ್ನು ಕಳಿಸಿದ ಅಪ್ಪ. ಪೊಲೀಸ್, ರೈಲ್ವೆ, ಸೇನೆ, ಕ್ರೀಡಾ ಕೋಟಾದಲ್ಲಿ ಒಂದು ನೌಕರಿ ಸಿಕ್ಕರೆ ಸಾಕು ಅನ್ನೋ ಆಸೆ. ಒಂದು ಪರೀಕ್ಷೆ ಪಾಸಿಟಿವ್ ಬಂದರೆ ಆ ಮನೆಯ ಗತಿ ಏನು?

ಅದಕ್ಕೇ ಎರಡು ಮಾತು. ಮೊದಲನೆಯದು ಸರ್ಕಾರಕ್ಕೆ. ಆಟಗಾರ ಸಿಕ್ಕಿಬಿದ್ದ ಪ್ರತಿ ಪ್ರಕರಣದಲ್ಲೂ ಅವನ ಕೋಚು, ಜಿಮ್ಮು, ಶಿಬಿರದ ಅಧಿಕಾರಿ, ಮದ್ದು ಮಾರಿದ ಅಂಗಡಿ, ಎಲ್ಲರ ವಿಚಾರಣೆ ಕಡ್ಡಾಯ ಆಗಲಿ. ಹೆಸರು ಹೇಳೋದು ಬಿಡೋದು ಹುಡುಗನ ತಲೆಗೆ ಕಟ್ಟಬೇಡಿ.

ಎರಡನೆಯದು ಮಕ್ಕಳನ್ನು ಆಟಕ್ಕೆ ಕಳಿಸೋ ಅಪ್ಪ ಅಮ್ಮಂದಿರಿಗೆ. ಡಬ್ಬಿ, ಚೀಟಿ, ಬಿಲ್ಲು ಎಸೀಬೇಡಿ. ವೈದ್ಯರ ಹತ್ತಿರ ಹೋದಾಗ "ಇವನು ಆಟಗಾರ" ಅಂತ ಮೊದಲೇ ಹೇಳಿ. ನಾಡಾದವರ 'ನೋ ಯುವರ್ ಮೆಡಿಸಿನ್' ಅನ್ನೋ ಆ್ಯಪ್‌ನಲ್ಲಿ ಔಷಧಿ ಹೆಸರು ಹಾಕಿ ನೋಡಿ. ಕಾಯಿಲೆಗೆ ಆ ಮದ್ದು ಬೇಕೇ ಬೇಕು ಅಂತಿದ್ದರೆ ಮುಂಚೆಯೇ ಅನುಮತಿ ಕೇಳೋ ದಾರಿ ಇದೆ.

ಮತ್ತೆ ವಸ್ತಾದರಲ್ಲಿ ಒಂದು ವಿನಂತಿ. ಲೋಟ ಕೊಡೋವಾಗ "ಇದರಾಗ ಏನೈತಿ ವಸ್ತಾದರ?" ಅಂತ ಹುಡುಗ ಕೇಳಿದರೆ ಸಿಟ್ಟಾಗಬೇಡಿ. ಕೂರಿಸಿಕೊಂಡು ಹೇಳಿ. ನಾಳೆ ಲೊಸಾನ್‌ನ ನ್ಯಾಯಾಲಯ ಅವನಿಗೆ ಕೇಳೋದೂ ಅದೇ ಪ್ರಶ್ನೆ. ಅಲ್ಲಿ ಅವನ ಪರವಾಗಿ ಉತ್ತರ ಕೊಡೋಕೆ ನೀವಿರೋದಿಲ್ಲ.