ಮನಸ್ಸಿನ ಸಾಕ್ಷ್ಯ: ಪುಣೆಯ 2008ರ ತೀರ್ಪು

ಮನಸ್ಸನ್ನು ಹೊರಗಿನಿಂದ ಆಳುವ ಪ್ರಯೋಗಗಳೆಂದರೆ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಆರಂಭಿಸಿ, ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ದ್ರವ್ಯವನ್ನು ಏನೂ ಅರಿಯದವರಿಗೂ ಕುಡಿಸಿ, 1973ರಲ್ಲಿ ಬಹುಪಾಲು ಕಡತಗಳನ್ನು ತಾನೇ ನಾಶಪಡಿಸಿದ ‘ಎಂಕೆ-ಅಲ್ಟ್ರಾ’ ಯೋಜನೆಯೇ ಮೊದಲು ನೆನಪಾಗುತ್ತದೆ. ಭಾರತದಲ್ಲಿ ಈ ಇತಿಹಾಸ ಬೇರೆ ದಾರಿ ಹಿಡಿಯಿತು. ಇಲ್ಲಿ ಮನಸ್ಸಿಗೆ ಏನನ್ನಾದರೂ ತುಂಬುವುದಕ್ಕಿಂತ ಅದರೊಳಗಿನದನ್ನು ಹೊರತೆಗೆಯುವ ಹಂಬಲ ಬಲವಾಗಿತ್ತು, ಮತ್ತು ಆ ಕೆಲಸ ನಡೆದದ್ದು ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ, ಪತ್ರಿಕೆಗಳ ಕಣ್ಣೆದುರಿಗೇ.

ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆಯನ್ನು ಮಿತವಾಗಿ ನೀಡಿ ಅರೆಪ್ರಜ್ಞೆಯಲ್ಲಿ ಆರೋಪಿಯನ್ನು ಪ್ರಶ್ನಿಸುವ ಮಂಪರು ಪರೀಕ್ಷೆಗೆ ಬೆಂಗಳೂರು ಹೆಸರಾಗಿತ್ತು. ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿಗೆ ಈ ಪರೀಕ್ಷೆ ನಡೆದದ್ದು ಅಲ್ಲಿಯೇ. ಅವನಿಗೆ 2007ರಲ್ಲಿ 13 ವರ್ಷಗಳ ಶಿಕ್ಷೆ ವಿಧಿಸಿದ್ದು ಪುಣೆಯ ವಿಶೇಷ ನ್ಯಾಯಾಲಯ.

ಮರುವರ್ಷ ಪುಣೆ ಇನ್ನೂ ಮುಂದಕ್ಕೆ ಹೋಯಿತು. ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನೋವಿಜ್ಞಾನದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ‘ಬಿಇಒಎಸ್’ ಎಂಬ ವಿಧಾನವನ್ನು ರೂಪಿಸಿದ್ದರು. ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿಕೊಂಡು ಕಣ್ಣುಮುಚ್ಚಿ ಕುಳಿತವರಿಗೆ ‘ಆಕಾಶ ನೀಲಿಯಾಗಿದೆ’ ಎಂಬಂಥ ತಟಸ್ಥ ವಾಕ್ಯಗಳ ನಡುವೆ ‘ನಾನು ಪಾಷಾಣ ಕೊಂಡೆ’ ಎಂಬಂಥ ವಾಕ್ಯಗಳನ್ನೂ ಕೇಳಿಸಲಾಗುತ್ತಿತ್ತು. ಅವರು ಬಾಯಿ ತೆರೆಯಬೇಕಿರಲಿಲ್ಲ, ಮಿದುಳಿನ ವಿದ್ಯುತ್ ತರಂಗಗಳೇ ಉತ್ತರವೆನಿಸುತ್ತಿದ್ದವು. ಕೇಳಿ ತಿಳಿದದ್ದನ್ನೂ ಮಾಡಿ ಅನುಭವಿಸಿದ್ದನ್ನೂ ಯಂತ್ರ ಬೇರ್ಪಡಿಸಬಲ್ಲದೆಂಬುದು ಇದರ ಪ್ರಧಾನ ವಾದ. ವಿಚಾರಣೆಯ ವೇಳೆ ಪೊಲೀಸರಿಂದಲೇ ಪ್ರಕರಣದ ವಿವರಗಳನ್ನು ಹತ್ತಾರು ಬಾರಿ ಕೇಳಿರಬಹುದಾದ ಆರೋಪಿಯ ವಿಷಯದಲ್ಲಿ ಇಡೀ ಪರೀಕ್ಷೆ ನಿಲ್ಲುವುದೂ ಬೀಳುವುದೂ ಈ ವಾದದ ಮೇಲೆಯೇ, ಮತ್ತು ಅದು ಸ್ವತಂತ್ರವಾಗಿ ಪರಿಶೀಲನೆಗೊಳಪಟ್ಟಿರಲಿಲ್ಲ. ಆದರೂ 2008ರ ಜೂನ್‌ನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವು, ಮಾಜಿ ಪ್ರಿಯಕರನಿಗೆ ಪ್ರಸಾದದಲ್ಲಿ ಪಾಷಾಣವಿಟ್ಟ ಆರೋಪ ಹೊತ್ತ ವಿದ್ಯಾರ್ಥಿನಿಯೊಬ್ಬಳು ಮುಂಬಯಿಯಲ್ಲಿ ಒಪ್ಪಿಯೇ ಮಾಡಿಸಿಕೊಂಡ ಈ ಪರೀಕ್ಷೆಯ ಫಲಿತಾಂಶವನ್ನು ಇತರ ಸಾಕ್ಷ್ಯಗಳೊಂದಿಗೆ ಪರಿಗಣಿಸಿ, ಆಕೆಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಂಧನದಲ್ಲಿರುವವರ ಒಪ್ಪಿಗೆಗೆ ಎಷ್ಟು ತೂಕವೆಂಬುದು ಬೇರೆಯೇ ಪ್ರಶ್ನೆ.

ವಿಚಿತ್ರವೆಂದರೆ, ಈ ವಿಧಾನ ಅವೈಜ್ಞಾನಿಕ, ನ್ಯಾಯಾಲಯದಲ್ಲಿ ಬಳಸತಕ್ಕದ್ದಲ್ಲ ಎಂದು ಅದೇ ವರ್ಷ ಹೇಳಿದ್ದು ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೇ. 2009ರಲ್ಲಿ ಬಾಂಬೆ ಹೈಕೋರ್ಟ್ ಆಕೆಗೆ ಜಾಮೀನು ನೀಡಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ 20(3)ನೇ ವಿಧಿಯನ್ನು ಆಧರಿಸಿ, ಮಂಪರು, ಸುಳ್ಳುಪತ್ತೆ ಹಾಗೂ ಮಿದುಳು ಪರೀಕ್ಷೆಗಳನ್ನು ಒತ್ತಾಯದಿಂದ ನಡೆಸುವುದನ್ನು ನಿಷೇಧಿಸಿತು. ಒಪ್ಪಿ ಪರೀಕ್ಷೆಗೆ ಒಳಗಾದರೂ ಅದರ ಫಲಿತಾಂಶ ತಾನಾಗಿಯೇ ಸಾಕ್ಷ್ಯವಾಗದು, ಆದರೆ ಆ ಮೂಲಕ ಪತ್ತೆಯಾದ ವಸ್ತುವನ್ನೋ ಮಾಹಿತಿಯನ್ನೋ ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯಿದೆಯ 27ನೇ ಸೆಕ್ಷನ್ ಅಡಿ ಒಪ್ಪಿಕೊಳ್ಳಬಹುದು ಎಂದಿತು. ತನಿಖಾಧಿಕಾರಿಗಳು ಈಗಲೂ ಇಂಥ ಪರೀಕ್ಷೆಗಳಿಗೆ ಅನುಮತಿ ಕೋರಿ ನ್ಯಾಯಾಲಯದ ಮೆಟ್ಟಿಲೇರುವುದು ಈ ಕೊನೆಯ ಮಾತಿನ ಬಲದಿಂದಲೇ.