ಸಲಹೆ ಕೇಳುವ ಮೊದಲು

ಸೊಲೊಮೋನನ ಮರಣದ ನಂತರ ಜನರು ಅವನ ಮಗ ರೆಹಬ್ಬಾಮನಲ್ಲಿ ಕೇಳಿದ್ದು ಒಂದೇ: ತಂದೆ ಹೊರಿಸಿದ ನೊಗವನ್ನು ಹಗುರಮಾಡು. ಅವನು ಮೂರು ದಿನ ಸಮಯ ತೆಗೆದುಕೊಂಡನು. ತಂದೆಯ ಕಾಲದ ಹಿರಿಯರು, ಜನರಿಗೆ ಸೇವಕನಾಗು ಎಂದರು. ಒಡನಾಡಿಗಳು, ನೊಗವನ್ನು ಇನ್ನೂ ಭಾರಮಾಡು ಎಂದರು. ಒಡನಾಡಿಗಳ ಮಾತೇ ನಡೆಯಿತು. ಹತ್ತು ಕುಲಗಳು ಕೈಬಿಟ್ಟುಹೋದವು (1 ಅರಸುಗಳು 12).

ಯುವಕರ ಮಾತು ಕೇಳಿ ಕೆಟ್ಟನೆಂದು ಪ್ರಬೋಧನೆಗಳಲ್ಲಿ ನಾವು ಹೇಳುವುದುಂಟು. ಆದರೆ ಪಟ್ಟವೇರಿದಾಗ ಅವನಿಗೆ 41 ವರ್ಷ (14:21). ಜೊತೆಗೆ ಬೆಳೆದವರೂ ಎಳೆಯರೇನಲ್ಲ! ಗೆಳೆಯರನ್ನು ಕೇಳುವ ಮೊದಲೇ ಅವನು ಹಿರಿಯರ ಮಾತನ್ನು ತಳ್ಳಿಹಾಕಿದ್ದನು ಎಂಬುದನ್ನು ಗಮನಿಸಬೇಕು. ಅವನು ಹುಡುಕಿದ್ದು ಸಲಹೆಯನ್ನಲ್ಲ, ಒಪ್ಪಿಗೆಯನ್ನು.

ಸಿರಾಖನ ಗ್ರಂಥದ 37ನೇ ಅಧ್ಯಾಯ ವಯಸ್ಸನ್ನು ಅಳತೆಗೋಲಾಗಿ ಹಿಡಿಯುವುದಿಲ್ಲ. ಸಲಹೆ ಕೊಡುವವನಿಗೆ ಅದರಲ್ಲಿ ಏನು ಲಾಭವೆಂದು ಮೊದಲು ನೋಡು, ಹೇಡಿಯಲ್ಲಿ ಯುದ್ಧದ ವಿಚಾರ ಕೇಳಬೇಡ, ನೀನು ಎಡವಿದರೆ ಮರುಗುವ ದೈವಭಕ್ತನನ್ನು ಕೇಳು ಎನ್ನುತ್ತದೆ. ಅನಂತರ ನಿನ್ನ ಅಂತಃಕರಣ, ಎಲ್ಲಕ್ಕಿಂತ ಮಿಗಿಲಾಗಿ ಪ್ರಾರ್ಥನೆ.

1983ರ ಧರ್ಮಸಭಾ ಕಾನೂನು ಸಂಹಿತೆಯ 536ನೇ ವಿಧಿಯಂತೆ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮತ ಸಲಹೆ ಮಾತ್ರ. ಆದ್ದರಿಂದಲೇ ನಿರ್ಧಾರ ಮಾಡಿಟ್ಟುಕೊಂಡು ಸಭೆ ಕರೆಯುವ ಶೋಧನೆ ಗುರುಗಳಾದ ನಮಗೂ ತಪ್ಪಿದ್ದಲ್ಲ.